ಬಗ್ಗಿದ ಪಿನ್ನು

‘ಬಾಕ್ಸ್ ತೆಗೆದಾಗಲೇ ಹೀಗಿತ್ತು’ ಎಂದು ಅವನು ಹೇಳಿಯಾಗಿತ್ತು. ಚೆನ್ನಾಗಿಯೇ ಹೇಳಿದ್ದ. ಮಾತು ಹೆಚ್ಚಾಗಲಿಲ್ಲ, ದನಿ ಏರಲಿಲ್ಲ, ಮುಖದಲ್ಲಿ ತಕ್ಕಷ್ಟೇ ಬೇಸರ. ಈಗ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯ ಗೋಡೆಬದಿಯ ಬೆಂಚಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕೌಂಟರಿನ ಆಚೆ ಬಿಳಿ ದೀಪದ ಕೆಳಗೆ ತನ್ನ ಮದರ್‌ಬೋರ್ಡಿನ ಮೇಲೆ ಬಗ್ಗಿದ್ದ ಬೋಳುತಲೆಯನ್ನು ನೋಡುತ್ತ ಕೂತಿದ್ದ. ಆ ತಲೆಯ ಹಿರಿಯರನ್ನು ಗಿರಾಕಿಗಳೆಲ್ಲ ಭೂತಗನ್ನಡಿ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಮೆಟ್ಟಿಲಿಳಿದ ಮೇಲೆ. ಬೋರ್ಡು ಮಾರುವ ಮುಂಚೆ ಒಂದೊಂದನ್ನೂ ಪರೀಕ್ಷಿಸಿ ಕೊಡುವುದು ಅವರ ಕೆಲಸ. ಅವರು ಬೋರ್ಡನ್ನು ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು. ಇವನಿಗೆ ಆ ಒರೆಸಾಟವನ್ನು ನೋಡಿಕೊಂಡು ಕೂರಲಾಗಲಿಲ್ಲ. ಏನಾದರೂ ಒಂದು ಅಂದುಬಿಡಬಾರದೆ ಈ ಮನುಷ್ಯ? ತಪ್ಪು ನಿಮ್ಮದೇ ಅಂತಲಾದರೂ ಅಂದರೆ ಜಗಳವಾಡಬಹುದಿತ್ತು. ಜಗಳಕ್ಕೆ ಬೇಕಾದ್ದನ್ನೆಲ್ಲ ಬಸ್ಸಿನಲ್ಲಿ ಬರುವಾಗಲೇ ಜೋಡಿಸಿಟ್ಟುಕೊಂಡಿದ್ದ.

ಅಂಥದ್ದನ್ನು ಜೋಡಿಸುವುದರಲ್ಲಿ ಅವನದು ಪಳಗಿದ ಕೈ. ಹನ್ನೊಂದು ವರ್ಷದಿಂದ ವಿಮಾ ಕಂಪನಿಯೊಂದರಲ್ಲಿ ಕೂತು ಅವನು ಮಾಡುತ್ತಿದ್ದುದು ಒಂದೇ ಕೆಲಸ: ಜನ ಕಳಿಸಿದ ಫೋಟೋ ನೋಡುವುದು, ವಸ್ತು ಒಡೆದದ್ದು ಹೇಗೆಂದು ತೀರ್ಮಾನಿಸುವುದು. ಬಿರುಕು ಬಿಟ್ಟ ಟೀವಿ, ನೀರು ಹೊಕ್ಕ ಫೋನು, ಬಾಗಿಲು ಕಿತ್ತ ವಾಷಿಂಗ್ ಮಷೀನು. ‘ಬಾಕ್ಸ್ ತೆಗೆದಾಗಲೇ ಹೀಗಿತ್ತು’ ಎಂಬ ಸಾಲು ದಿನಕ್ಕೆ ಇಪ್ಪತ್ತು ಸಲ ಕಣ್ಣಿಗೆ ಬೀಳುತ್ತಿತ್ತು. ಸುಳ್ಳು ಯಾವುದೆಂದು ವಾಸನೆಯಲ್ಲೇ ಹಿಡಿಯಬಲ್ಲೆ ಎಂದು ಊಟದ ಹೊತ್ತಿನಲ್ಲಿ ಬಡಾಯಿ ಕೊಚ್ಚಿಕೊಳ್ಳುತ್ತಿದ್ದ. ಸುಳ್ಳು ಹೇಳುವವರು ಗಂಟೆ ನಿಮಿಷ ಸಮೇತ ಬರೆಯುತ್ತಾರೆ, ಕೋಣೆಯಲ್ಲಿ ಯಾರ್ಯಾರಿದ್ದರು ಎಂದು ಬರೆಯುತ್ತಾರೆ, ಯಾರೂ ಕೇಳದಿದ್ದರೂ ಆಣೆ ಇಡುತ್ತಾರೆ. ನಿಜ ಹೇಳುವವನಿಗೆ ಅಷ್ಟು ಬರೆಯಲು ಏನೂ ಇರುವುದಿಲ್ಲ. ‘ಗ್ರಾಹಕರ ಅಜಾಗರೂಕತೆ’ ಎಂಬ ಗುಂಡಿಯನ್ನು ಒತ್ತಿ ಅವನು ಮುಂದಿನ ಫೋಟೋಕ್ಕೆ ಹೋಗುತ್ತಿದ್ದ. ಆ ಕಂಪನಿ ಈಗ ಬಾಡಿಗೆಯ ಮಹಡಿಯನ್ನು ಬಿಟ್ಟುಕೊಟ್ಟಿತ್ತು. ಸೋಮವಾರದಿಂದ ಎಲ್ಲರೂ ಮನೆಯಿಂದಲೇ. ಕಂಪನಿ ಕೊಡುವುದು ಇಷ್ಟು, ಅದರಲ್ಲಿ ನಾವು ಹೇಳಿದ ಮಟ್ಟದ ಡೆಸ್ಕ್‌ಟಾಪ್ ಇಟ್ಟುಕೊಳ್ಳಬೇಕು, ಸೋಮವಾರ ಬೆಳಗ್ಗೆ ಹತ್ತಕ್ಕೆ ದೂರದಿಂದಲೇ ತಪಾಸಣೆ. ಯಂತ್ರ ಪಾಸಾಗದವರ ಕೆಲಸ ಪಟ್ಟಿಯಲ್ಲಿ ಕಾಯುತ್ತಿರುವವರಿಗೆ. ಕೊಟ್ಟ ಮೊತ್ತಕ್ಕೆ ಸಿದ್ಧ ಡೆಸ್ಕ್‌ಟಾಪ್ ಯಾವುದೂ ಆ ಮಟ್ಟ ಮುಟ್ಟುತ್ತಿರಲಿಲ್ಲ. ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸಿದರೆ ಕಷ್ಟಪಟ್ಟು ಮುಟ್ಟುತ್ತಿತ್ತು.

“ಭಾವನ್ನ ಕೇಳಿಬಿಡಿ, ಒಂದು ಗಂಟೆ ಕೆಲಸ ಅವರಿಗೆ” ಎಂದಿದ್ದಳು ಹೆಂಡತಿ ಮೊದಲ ದಿನವೇ. ಅವಳ ಭಾವ, ಎಂದರೆ ಅವಳ ಅಕ್ಕನ ಗಂಡ, ಇವನ ಷಡ್ಡಕ. ಅವಳ ಕಡೆಯ ಅಷ್ಟೂ ಮನೆಗಳ ಕಂಪ್ಯೂಟರನ್ನು ಜೋಡಿಸಿದವನು ಅವನೇ. ಮಾವನ ಮನೆಯ ನೆಲದ ಮೇಲೆ ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡು ಅವನು ಕೂತರೆ ಅತ್ತೆ ಸದ್ದಾಗದ ಹಾಗೆ ನಡೆಯುತ್ತಿದ್ದರು, ಆಪರೇಷನ್ ನಡೆಯುತ್ತಿರುವಂತೆ. ಇವನು ಆ ಹೊತ್ತಿನಲ್ಲಿ ಖಾಲಿ ಡಬ್ಬಗಳನ್ನು ಮಡಿಸಿ ಒಂದರೊಳಗೊಂದು ತೂರಿಸುತ್ತಿದ್ದ. ಷಡ್ಡಕನನ್ನು ಏನೆಂದು ಕರೆಯಬೇಕೆಂಬುದು ಮದುವೆಯಾಗಿ ಒಂಬತ್ತು ವರ್ಷವಾದರೂ ಇತ್ಯರ್ಥವಾಗಿರಲಿಲ್ಲ. ‘ಅಲ್ಲಾ, ಇದು ಏನಪ್ಪಾ ಅಂದ್ರೆ’ ಎಂದು ಶುರುಮಾಡಿ ಹೇಗೋ ದಾಟಿಸಿಬಿಡುತ್ತಿದ್ದ. ಈ ಸಲ ದಾಟಿಸಲಿಲ್ಲ. ನಾನೇ ಮಾಡ್ತೀನಿ ಎಂದ. ಸುದ್ದಿ ತಲುಪಬೇಕಾದಲ್ಲಿಗೆ ತಲುಪಿ, ಅಂದು ಸಂಜೆಯೇ ಫೋನು ಬಂತು.

“ಎಷ್ಟು ಕೋರಿನ ಪ್ರೊಸೆಸರ್ ನೋಡ್ತಿದೀಯ?”

“ಆರು.”

“ಆರ್ಯಾಕೋ? ನೀನು ಮಾಡೋದು ಫೋಟೋ ನೋಡೋ ಕೆಲಸ ತಾನೆ? ಅದಕ್ಕೆ ಕ್ಯಾಲ್ಕುಲೇಟರ್ ಸಾಕು ಮಾರಾಯ!”

ಆ ನಗು ಮೂರು ವಾರ ಕಿವಿಯಲ್ಲೇ ಇತ್ತು. ಮೂರು ವಾರ ಅವನು ಆಯ್ದ. ಒಂದು ಪ್ರೊಸೆಸರ್ ಅಗ್ಗ, ಆದರೆ ಅದು ಕೂರುವ ಬೋರ್ಡು ದುಬಾರಿ. ಬೋರ್ಡು ಅಗ್ಗವಾದಲ್ಲಿ ಎರಡೇ ಮೆಮೊರಿ ಕಿಂಡಿ, ಒಂದೇ ಪರದೆಗೆ ದಾರಿ. ಅವನ ಕೆಲಸಕ್ಕೆ ಎರಡು ಪರದೆ ಬೇಕು, ಒಂದರಲ್ಲಿ ಒಡೆದ ವಸ್ತು, ಇನ್ನೊಂದರಲ್ಲಿ ಅದರ ಮಾಲೀಕನ ಮಾತು. ಹದಿನಾರು ಜಿಬಿಯ ಒಂದೇ ರ‍್ಯಾಮ್ ಹಾಕಿದರೆ ಮುಂದೆ ಇನ್ನೊಂದಕ್ಕೆ ಜಾಗ ಉಳಿಯುತ್ತದೆ ಎಂದು ಒಬ್ಬ ವಿಡಿಯೋದವನು, ಎಂಟೆಂಟರ ಜೋಡಿ ಹಾಕದವನು ಶತಮೂರ್ಖ ಎಂದು ಇನ್ನೊಬ್ಬ. ಪವರ್ ಸಪ್ಲೈಯಲ್ಲಿ ಕೈಬಿಗಿ ಮಾಡಿದರೆ ಎಲ್ಲ ಸುಟ್ಟು ಕರಕಲು ಎಂದು ಎಲ್ಲರೂ ಹೆದರಿಸುತ್ತಿದ್ದರು. ಎಷ್ಟು ವ್ಯಾಟ್ ಸಾಕೆಂದು ಕೇಳಿದರೆ ಒಬ್ಬೊಬ್ಬನದು ಒಂದೊಂದು ಲೆಕ್ಕ. ಸುಮ್ಮನೆ ಒಂದು ಕರಿ ತಗಡಿನ ಡಬ್ಬ ಸಾಕಿತ್ತು, ಆದರೆ ಗಾಜಿನ ಬಾಗಿಲು, ಬಣ್ಣ ಬದಲಾಯಿಸುವ ಮೂರು ಫ್ಯಾನು ಇರುವ ಕ್ಯಾಬಿನೆಟ್ಟೇ ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು. ಯಾಕೆ? ಯಾರನ್ನು ಕೇಳುವುದು? ಒಂದನ್ನು ಬದಲಾಯಿಸಿದರೆ ಉಳಿದ ಐದೂ ಅಲುಗಾಡುತ್ತಿದ್ದವು. ಬಚ್ಚಲಲ್ಲಿ, ಬಸ್ಸಿನಲ್ಲಿ, ಹೆಂಡತಿ ಏನೋ ಹೇಳುತ್ತಿರುವಾಗ ಅವಳ ಮುಖದ ಮೇಲೆಯೇ, ಅವನು ಬಿಡಿಭಾಗಗಳನ್ನು ಆಚೀಚೆ ಮಾಡುತ್ತಿದ್ದ. “ನನ್ನನ್ನ ಆರಿಸಿಕೊಳ್ಳೋವಾಗ ಇದರಲ್ಲಿ ಅರ್ಧ ಯೋಚನೆ ಮಾಡಿದ್ರಾ?” ಎಂದು ಅವಳು ಕೇಳಿದ್ದಳು. ನಗಬೇಕಿತ್ತು. “ಆಗ ಇಷ್ಟು ಮಾಡೆಲ್ ಎಲ್ಲಿದ್ವು” ಎಂದುಬಿಟ್ಟ. ಅವಳು ಎರಡು ದಿನ ಕಂಪ್ಯೂಟರಿನ ಮಾತೆತ್ತಲಿಲ್ಲ, ಬೇರೆ ಮಾತೂ ಆಡಲಿಲ್ಲ.

“ಸಾರ್,” ಎಂದರು ಭೂತಗನ್ನಡಿ. ಅವನು ಧಡಕ್ಕನೆ ಎದ್ದ, ಚೀಲ ಜಾರಿತು, ಹಿಡಿದುಕೊಂಡ. ಅವರು ಅವನನ್ನಲ್ಲ, ಒಳಗೆ ಫೋನಿನಲ್ಲಿದ್ದ ಅಂಗಡಿಯ ಯಜಮಾನಿಯನ್ನು ನೋಡುತ್ತಿದ್ದರು. “ಕೂತಿರಿ ಸಾರ್. ಮೇಡಂ ಸಪ್ಲೈಯರ್ ಜೊತೆ ಮಾತಾಡ್ತಿದಾರೆ. ಬದಲಾಯಿಸಿ ಕೊಡ್ತೀವಿ. ಬಗ್ಗಿರೋದು ನಿಜ.” ಕನ್ನಡಕ ಮತ್ತೆ ಒರೆಸುತ್ತ, “ನಂಗೆ ಗುರುವಾರ ಕಾಣಲಿಲ್ಲ ನೋಡಿ” ಎಂದರು.

ಗುರುವಾರ. ಅವನ ಹಿಂದೆ ನಾಲ್ಕು ಜನ ನಿಂತಿದ್ದರು. ಈ ಅಂಗಡಿಯಲ್ಲಿ ಒಂದು ರೂಢಿ. ಬೋರ್ಡು ಕೊಡುವ ಮುಂಚೆ ಭೂತಗನ್ನಡಿ ಡಬ್ಬ ಬಿಚ್ಚಿ, ಪ್ರೊಸೆಸರ್ ಕೂರುವ ಚೌಕದ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎತ್ತಿ, ಒಳಗಿನ ಸಾವಿರಾರು ಕೂದಲೆಳೆಯಂಥ ಪಿನ್ನುಗಳ ಮೇಲೆ ದೊಡ್ಡದಾಗಿ ತೋರಿಸುವ ಗಾಜು ಹಿಡಿದು, ಕೊಳ್ಳುವವನನ್ನೇ ಬಗ್ಗಿಸಿ ತೋರಿಸುತ್ತಿದ್ದರು. ‘ನೋಡಿದೆ ಅನ್ನಿ, ಆಮೇಲೆ ಕೊಡ್ತೀನಿ.’ ನೋಡಿದೆ ಅಂದ ಮೇಲೆ ಡಬ್ಬದ ಮೇಲೆ ಇಬ್ಬರ ಸಹಿ. ಇವನ ಸರದಿ ಬಂದಾಗ ಇವನು ಬಗ್ಗಲಿಲ್ಲ. ಬಗ್ಗಿದರೆ ಏನು ನೋಡಬೇಕೆಂದು ಗೊತ್ತಿರಲಿಲ್ಲ. ಮೂರು ವಾರದಲ್ಲಿ ನೂರು ಅಂಕಿ ಬಾಯಿಪಾಠ ಮಾಡಿದವನಿಗೆ ಸರಿಯಾಗಿರುವ ಪಿನ್ನು ಹೇಗಿರುತ್ತದೆಂದು ಗೊತ್ತಿಲ್ಲವೆಂಬುದು ಹಿಂದಿನ ನಾಲ್ವರಿಗೆ ತಿಳಿದುಬಿಡುತ್ತಿತ್ತು. “ಬೇಡ ಬಿಡಿ, ನಿಮ್ಮ ಮೇಲೆ ನಂಬಿಕೆ ಇದೆ” ಎಂದ. ಅವರ ಮುಖ ಅರಳಿತು. “ಯಾರೂ ಹಾಗಂದಿಲ್ಲ ಸಾರ್ ಇಲ್ಲೀವರೆಗೆ” ಎಂದು, ಗಾಜನ್ನು ಬದಿಗಿಟ್ಟು, ತಾವೊಬ್ಬರೇ ಬರಿಗಣ್ಣಲ್ಲಿ ಒಂದು ಸುತ್ತು ನೋಡಿ, ಮುಚ್ಚಳ ಒತ್ತಿ ಸಹಿ ಹಾಕಿದರು. ಸಹಿಯಲ್ಲಿ ಒಂದು ಬಳುಕು ಹೆಚ್ಚೇ ಇತ್ತು.

ಇವತ್ತು ಬೆಳಗ್ಗೆ ಅಡುಗೆಮನೆಯ ಮೇಜು. ಮೇಜನ್ನು ಎರಡು ಸಲ ಒರೆಸಿದ್ದ. ಹೆಂಡತಿ ಫೋನಿನ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವಳ ಉಸಿರು ಕಿವಿಯ ಹತ್ತಿರ. ಎರಡು ದಿನದ ಮುನಿಸು ಮುರಿದು ತಾನಾಗಿಯೇ ಬಂದು ನಿಂತಿದ್ದಳು, ಅದು ಖುಷಿಯಾಗಿತ್ತು. ಪ್ರೊಸೆಸರಿನ ಅಂಚುಗಳನ್ನು ಎರಡು ಬೆರಳಲ್ಲಿ ಹಿಡಿದು, ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಚೌಕದ ತ್ರಿಕೋನಕ್ಕೆ ಹೊಂದಿಸಿ ಇಳಿಸುತ್ತಿದ್ದಾಗ ಬೆಳಕು ಅಲುಗಿತು. ಅವಳ ಕೈಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. “ಭಾವ ವಿಡಿಯೋ ಕಾಲ್ ಮಾಡ್ತಿದಾರೆ. ಎತ್ತಲಾ? ತೋರಿಸ್ತಾರೆ.” “ಬೇಡ!” ಎಂದು ತಲೆ ತಿರುಗಿಸಿದ. ಅಷ್ಟೆ. ಎರಡು ಇಂಚು ಮೇಲಿಂದ, ಮೂಲೆ ಕೆಳಗಾಗಿ ಪ್ರೊಸೆಸರ್ ಬಿತ್ತು. ಸದ್ದೇ ಆಗಲಿಲ್ಲ. ಅವನು ಅದನ್ನೆತ್ತಿ ಚೌಕದೊಳಗೆ ನೋಡಿದ. ಹುಲ್ಲುಹಾಸಿನ ಮೇಲೆ ಯಾರೋ ಹಿಮ್ಮಡಿ ಊರಿದಂತೆ ಒಂದು ಕಡೆ ಹೊಳಪು ಕೆಟ್ಟಿತ್ತು. ಹೆಂಡತಿ ಇನ್ನೂ ಫೋನನ್ನೇ ನೋಡುತ್ತಿದ್ದಳು. “ಇಲ್ನೋಡು,” ಎಂದ ಅವನು, “ಪಿನ್ನೇ ಬಗ್ಗಿದೆ. ಬಾಕ್ಸ್ ತೆಗೆದಾಗಲೇ ಹೀಗಿತ್ತು ಅನ್ಸತ್ತೆ.” ಆ ಮಾತು ಯೋಚಿಸುವ ಮುಂಚೆಯೇ, ಸರಾಗವಾಗಿ, ಗುಂಡಿ ಒತ್ತಿದಂತೆ ಬಂತು.

ಈಗ ಬೆಂಚಿನ ಮೇಲೆ ಫೋನು ಮಿನುಗಿತು. ‘ಏನಂದ್ರು?’ ಎಂದು ಹೆಂಡತಿ. ‘ಬದಲಾಯಿಸಿ ಕೊಡ್ತಾರಂತೆ’ ಎಂದು ಬರೆದ. ‘ಅಬ್ಬಾ. ಅವರದ್ದೇ ತಪ್ಪು ಅಂತ ಒಪ್ಪಿಕೊಂಡ್ರಾ? ಭಾವ ಹೇಳ್ತಿದ್ರು, ಅಂಗಡಿಯವರು ಯಾವತ್ತೂ ಒಪ್ಪಲ್ಲ, ಇವನೇ ಬೀಳಿಸಿರ್ತಾನೆ ಅಂತ.’ ‘ಒಪ್ಪಿಕೊಂಡ್ರು ಅಂತ ಹೇಳು ಅವರಿಗೆ’ ಎಂದು ಬರೆದು ಫೋನನ್ನು ಜೇಬಿಗೆ ತುರುಕಿದ.

ಯಜಮಾನಿ ಒಳಗಿನಿಂದ ಬಂದಳು. ಮೂವತ್ತು ಇರಬಹುದು. ಅಪ್ಪನ ಅಂಗಡಿ ಅವಳಿಗೆ ಬಂದು ಎರಡು ವರ್ಷ ಎಂದು ಗುರುವಾರ ಭೂತಗನ್ನಡಿಯೇ ಹೇಳಿದ್ದರು. ಚಿಕ್ಕವಳಿದ್ದಾಗ ಖಾಲಿ ಮಾನಿಟರ್ ಡಬ್ಬದೊಳಗೆ ಕೂತು ಆಡುತ್ತಿದ್ದಳಂತೆ. ಅವಳು ಗಾಜು ತೆಗೆದುಕೊಂಡು ತಾನೇ ನೋಡಿದಳು. ಅವರ ಕಡೆಗೆ ನೋಡಲಿಲ್ಲ.

“ಮಾಮ, ಇಷ್ಟು ಕಾಣಲಿಲ್ವಾ?”

“ಸರಿ ಇತ್ತು ಅಂತಲೇ ಅನ್ಸಿತ್ತು ಮೇಡಂ.”

“ಸಾರ್‌ಗೆ ತೋರಿಸಿದ್ರಾ?”

“ಇಲ್ಲ.”

“ಯಾಕೆ?”

ಅವರು ಇವನ ಕಡೆ ನೋಡಿದರು. ಈಗ ಹೇಳುತ್ತಾರೆ, ಬೇಡ ಅಂದದ್ದು ಇವರೇ ಅನ್ನುತ್ತಾರೆ, ಆಗ ನಾನು ಹೇಳಬೇಕಾದ್ದು ಇದು ಎಂದು ಅವನು ಬೆನ್ನು ನೆಟ್ಟಗೆ ಮಾಡಿದ. “ತಪ್ಪಾಯ್ತು,” ಎಂದರು ಅವರು. “ತೋರಿಸಬೇಕಿತ್ತು.”

“ಕಣ್ಣಿನ ಆಪರೇಷನ್ ಆದ ಮೇಲೆ ಮತ್ತೆ ತೋರಿಸ್ಕೊಳ್ಳಿ ಅಂತ ಎಷ್ಟು ಸಲ ಹೇಳಿದೆ ನಿಮಗೆ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು. “ಹೋಗ್ಲಿ ಬಿಡಿ. ಇನ್ಮೇಲೆ ಬೋರ್ಡೆಲ್ಲ ನಾನೇ ನೋಡ್ತೀನಿ. ನೀವು ಆ ಕೇಬಲ್, ಮೌಸು, ಕೀಬೋರ್ಡ್ ಕಡೆ ನೋಡ್ಕೊಳ್ಳಿ. ಆರಾಮಾಗಿರತ್ತೆ.”

ಹಿಂದೆ ನಿಂತಿದ್ದ ಗಿರಾಕಿಯೊಬ್ಬ ತುಟಿ ಬಿಗಿಹಿಡಿದು ಬೇರೆ ಕಡೆ ತಿರುಗಿದ. ಭೂತಗನ್ನಡಿ ತಲೆಯಾಡಿಸಿದರು. ಅಂಗೈಯನ್ನು ಕಣ್ಣಿಂದ ಒಂದು ಮೊಳ ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು, ರೇಖೆಗಳನ್ನು ಎಣಿಸುವವರಂತೆ. ಯಾರೂ ನೋಡುತ್ತಿಲ್ಲವೆಂದುಕೊಂಡಿದ್ದರು. ಇವನಿಗೆ ಅದು ಕಂಡಿತು. ಹನ್ನೊಂದು ವರ್ಷದಲ್ಲಿ ಫೋಟೋದ ಆಚೆ ಇರುವವರನ್ನು ಒಬ್ಬರನ್ನೂ ಅವನು ನೋಡಿರಲಿಲ್ಲ. ಗುಂಡಿ ಒತ್ತಿದ ಮೇಲೆ ಆ ಮನೆಯಲ್ಲಿ ಯಾರು ಯಾರ ಮುಖ ನೋಡುತ್ತಿದ್ದರೋ, ಯಾವ ಹೆಂಡತಿ ಯಾವ ಗಂಡನನ್ನು ಹಂಗಿಸುತ್ತಿದ್ದಳೋ. ಇಲ್ಲಿ ಮಾತ್ರ ಕೌಂಟರಿನಷ್ಟೇ ದೂರ. ನನಗೇನು, ಇವರ ಕಣ್ಣಿಗೆ ಹೇಗೂ ಆಪರೇಷನ್ ಆಗಿದೆ, ಇವತ್ತಲ್ಲ ನಾಳೆ ಯಾವುದಾದರೂ ಪಿನ್ನು ತಪ್ಪಿಯೇ ತಪ್ಪುತ್ತಿತ್ತು ಎಂದುಕೊಂಡ.

ಯಜಮಾನಿ ಹೊಸ ಬೋರ್ಡು ತಂದು ಡಬ್ಬ ಬಿಚ್ಚಿ ಮುಚ್ಚಳ ಎತ್ತಿದಳು. ಈ ಸಲ ಅವನು ಬಗ್ಗಿ ನೋಡಿದ. ಗಾಜಿನ ಕೆಳಗೆ ಪಿನ್ನುಗಳು ಒಂದೇ ಕಡೆ ತಲೆಬಾಗಿ, ಸಾಲು ಸಾಲಾಗಿ, ನೋಡುತ್ತಿದ್ದರೆ ತಲೆ ಸುತ್ತುವಷ್ಟು ಶಿಸ್ತಾಗಿ ನಿಂತಿದ್ದವು. “ನೋಡಿದೆ” ಎಂದ. ಸಹಿ ಹಾಕಿದ. ಪಕ್ಕದಲ್ಲಿ ಅವಳು ಹಾಕಿದಳು. ಭೂತಗನ್ನಡಿ ಮೌಸುಗಳ ಕಪಾಟಿನ ಕಡೆಗೆ ಹೋಗಿ, ಅಲ್ಲಿ ಮಾಡಲು ಕೆಲಸವೇನೂ ಇಲ್ಲದೆ, ಸರಿಯಾಗಿಯೇ ಇದ್ದ ಡಬ್ಬಗಳನ್ನು ಸರಿಮಾಡತೊಡಗಿದರು.

“ಅದು ನನ್ನ ಕೈಯಿಂದ ಬಿದ್ದದ್ದು” ಎಂದ ಅವನು.

“ಏನದು?” ಎಂದಳು ಯಜಮಾನಿ.

“ಪ್ರೊಸೆಸರ್. ಬೋರ್ಡು ಸರಿ ಇತ್ತು. ಹಾಕೋವಾಗ ನಾನೇ ಬೀಳಿಸಿದೆ.”

ಅವಳು ಇವನನ್ನು ನೋಡಿದಳು, ಕಪಾಟಿನ ಕಡೆ ನೋಡಿದಳು. ಅವಳ ಮುಖ ಮೆತ್ತಗಾಯಿತು. “ಸಾರ್, ಈಗ ತಾನೇ ನೀವೇ ಹೇಳಿದ್ರಿ, ಬಾಕ್ಸ್ ತೆಗೆದಾಗಲೇ ಹೀಗಿತ್ತು ಅಂತ. ಮಾಮನ್ನ ಕೆಲಸದಿಂದೇನೂ ತೆಗೀತಿಲ್ಲ ನಾನು. ನೀವು ಬೇಜಾರು ಮಾಡ್ಕೋಬೇಡಿ.”

“ಬೇಜಾರಲ್ಲ. ನಿಜ. ಬೆಳಗ್ಗೆ ಒಂಬತ್ತೂಕಾಲು. ಅಡುಗೆಮನೆ ಮೇಜಿನ ಮೇಲೆ. ನನ್ನ ಹೆಂಡತಿ ಟಾರ್ಚ್ ಹಿಡ್ಕೊಂಡಿದ್ಲು, ಅವಳ ಭಾವನ ಫೋನ್ ಬಂತು, ನಾನು ತಿರುಗಿದೆ. ಬೇಕಾದ್ರೆ ಆಣೆ...” ಅವನು ನಿಲ್ಲಿಸಿದ. ಗಂಟೆ, ಕೋಣೆ, ಜನ, ಆಣೆ. ತಾನಾಗಿದ್ದರೆ ಇಷ್ಟು ಹೊತ್ತಿಗೆ ಗುಂಡಿ ಒತ್ತಿರುತ್ತಿದ್ದ.

ಭೂತಗನ್ನಡಿ ಕಪಾಟಿನ ಬಳಿಯಿಂದಲೇ ಹೇಳಿದರು: “ನಿಮ್ಮ ಒಳ್ಳೆತನ ಸಾರ್. ಮೊನ್ನೆನೂ ನಂಬಿಕೆ ಇದೆ ಅಂದ್ರಿ. ಆದ್ರೆ ಪಾಪ ಅಂತ ಹೀಗೆಲ್ಲ ಹೇಳ್ಬೇಡಿ, ಅದು ಇನ್ನೂ ಕಷ್ಟ. ವಯಸ್ಸಾಯ್ತು, ಒಪ್ಕೊಂಡಿದೀನಿ.”

“ರೀ, ಪಾಪ ಅಂತಲ್ಲ ಕಣ್ರೀ!” ಅವನ ದನಿ ಏರಿತು. ಅಂಗಡಿಯೆಲ್ಲ ತಿರುಗಿ ನೋಡಿತು. “ನಿಮ್ಮ ಕಣ್ಣು ಚೆನ್ನಾಗಿದೆ. ನಾನು ಸುಳ್ಳು ಹೇಳಿದ್ದು. ನಾನು!”

“ಸರಿ ಸಾರ್, ಸರಿ,” ಎಂದಳು ಯಜಮಾನಿ, ಹಟ ಹಿಡಿದವರನ್ನು ಸಾಗಹಾಕುವ ದನಿಯಲ್ಲಿ. “ಬೋರ್ಡು ಸಿಕ್ತಲ್ಲ. ತಗೊಂಡು ಹೋಗಿ. ನೆಕ್ಸ್ಟ್ ಯಾರು?”

ಹೋಗಬಹುದಿತ್ತು. ಹೇಳಿಯಾಗಿತ್ತು, ನಂಬದಿದ್ದರೆ ಅದು ಅವರ ಕರ್ಮ. ಬಸ್ಸು ಹಿಡಿದರೆ ನಾಲ್ಕಕ್ಕೆ ಮನೆ, ಆರಕ್ಕೆ ಎಲ್ಲ ಜೋಡಣೆ, ನಾಳೆ ಇಡೀ ದಿನ ಸಾಫ್ಟ್‌ವೇರ್‌ಗೆ, ಸೋಮವಾರ ಹತ್ತಕ್ಕೆ ತಪಾಸಣೆ. ಆ ಪ್ರೊಸೆಸರ್, ಈ ಬೋರ್ಡು, ಎಂಟೆಂಟರ ಜೋಡಿ, ಮೂರು ವಾರದ ಒಂದೊಂದು ತೀರ್ಮಾನವೂ ಅವನ ಕಣ್ಣೆದುರು ಬಂದು ತನ್ನ ತನ್ನ ಜಾಗದಲ್ಲಿ ಕೂತಿತು. ಬಾಗಿಲವರೆಗೆ ಹೋಗಲು ಎಂಟು ಹೆಜ್ಜೆ. ಕಪಾಟಿನ ಬಳಿ ಭೂತಗನ್ನಡಿ ಒಂದು ಡಬ್ಬದ ಮೇಲಿನ ಸಣ್ಣಕ್ಷರವನ್ನು ಓದಲು ನೋಡುತ್ತಿದ್ದರು. ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ತಮ್ಮ ಕಣ್ಣನ್ನೇ ನಂಬದವರಂತೆ ಓದದೆಯೇ ಇಟ್ಟುಬಿಟ್ಟರು.

“ಈ ಬೋರ್ಡು ಈಗ ನಂದು ತಾನೆ?” ಎಂದ ಅವನು.

“ಸಹಿ ಹಾಕಿದ್ರಲ್ಲ. ನಿಮ್ದೇ. ಇನ್ನೊಂದು ಸಲ ಬದಲಾಯಿಸಿ ಕೊಡೋಕಾಗಲ್ಲ ಮತ್ತೆ.”

“ಗೊತ್ತು.”

ಅವನು ಚೀಲಕ್ಕೆ ಕೈಹಾಕಿ ಪ್ಲಾಸ್ಟಿಕ್ ಚಿಪ್ಪಿನಲ್ಲಿದ್ದ ಪ್ರೊಸೆಸರ್ ತೆಗೆದ. ಅಂಚನ್ನು ಎರಡು ಬೆರಳಲ್ಲಿ ಹಿಡಿದು ಇನ್ನೂ ತೆರೆದೇ ಇದ್ದ ಚೌಕದ ಮೇಲೆ ತಂದ. “ಹೀಗೆ ಹಿಡಿದಿದ್ದೆ. ಹೆಂಡತಿ ಈ ಕಡೆ. ಫೋನು ಬಂತು. ಹೀಗೆ ತಿರುಗಿದೆ.” ಮೂಲೆಯನ್ನು ಕೆಳಗೆ ಮಾಡಿದ. ಈ ಸಲ ಜಾರಲಿಲ್ಲ. ಬಿಟ್ಟ.

“ಅಯ್ಯಯ್ಯೋ ಏನ್ರೀ ಇದು!” ಎಂದು ಯಜಮಾನಿ ಕೈಚಾಚುವಷ್ಟರಲ್ಲಿ ಬಿದ್ದಾಗಿತ್ತು. ಅವನು ಅದನ್ನೆತ್ತಿ ಪಕ್ಕಕ್ಕಿಟ್ಟು ದೂರ ಸರಿದು ನಿಂತ. ಭೂತಗನ್ನಡಿ ಬಂದರು. ನಿಧಾನವಾಗಿ, ಮೌಸಿನ ಡಬ್ಬವೊಂದನ್ನು ಕೈಯಲ್ಲೇ ಹಿಡಿದುಕೊಂಡು. ಹೊಸ ಬೋರ್ಡಿನ ಮೇಲೆ ಬಗ್ಗಿದರು, ಅದರ ಪಕ್ಕದಲ್ಲೇ ಬಿದ್ದಿದ್ದ ಹಳೆಯದರ ಮೇಲೆ ಬಗ್ಗಿದರು, ಮತ್ತೆ ಹೊಸದು. ಎರಡರಲ್ಲೂ ಅದೇ ಮೂಲೆ, ಅದೇ ಓರೆ. ಗಾಜು ಕೇಳಲಿಲ್ಲ. ಕನ್ನಡಕವನ್ನು ಹಣೆಗೇರಿಸಿದರು.

“ಐದು” ಎಂದರು.

ಯಜಮಾನಿ ಗಾಜು ಹಿಡಿದು ನೋಡಿದಳು. “ನಾಲ್ಕು, ಮಾಮ.”

“ಐದು. ಕೊನೇದು ಪೂರ್ತಿ ಬಗ್ಗಿಲ್ಲ. ವಾಲಿದೆ ಅಷ್ಟೆ. ಆ ನಾಲ್ಕರ ಎಡಕ್ಕೆ ನೋಡಿ.”

ಅವಳು ದೀಪವನ್ನು ಎಳೆದುಕೊಂಡಳು. ಬೋರ್ಡು ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಇವನು ಐದಿರಲಿ, ಐದಿರಲಿ ಎಂದು, ತನ್ನ ಬೋರ್ಡಿನ ಇನ್ನೊಂದು ಪಿನ್ನು ಹಾಳಾಗಿರಲೆಂದು ಹಾರೈಸುತ್ತಿದ್ದ.

“ಹೌದು,” ಎಂದಳು ಅವಳು ಕೊನೆಗೆ. “ಐದು.” ಗಾಜನ್ನು ಅವರ ಕಡೆಗೆ ಸರಿಸಿದಳು.

ಭೂತಗನ್ನಡಿ ಅದನ್ನು ತೆಗೆದುಕೊಳ್ಳಲಿಲ್ಲ. ಮೌಸಿನ ಡಬ್ಬವನ್ನು ಕೌಂಟರಿನ ಮೇಲಿಟ್ಟು, ಇವನ ಮುಖವನ್ನು ಈಗ ತಾನೇ ಕಂಡವರಂತೆ ನೋಡಿದರು. ಆ ನೋಟದಲ್ಲಿ ಇವನು ಹುಡುಕುತ್ತಿದ್ದದ್ದು ಏನೂ ಇರಲಿಲ್ಲ.

“ಮುಕ್ಕಾಲು ಗಂಟೆ,” ಎಂದರು. “ಮುಕ್ಕಾಲು ಗಂಟೆ ನನ್ನನ್ನ ಕುರುಡನ್ನ ಮಾಡಿ ಕೂರಿಸಿದ್ರಲ್ಲ ಸ್ವಾಮಿ.”